ಹೈಡ್ರೇಂಜಿಯಾ ಸೊಂಪಾಗಿ ಬೆಳೆದಿದೆ, ಹೂವು ಮಾತ್ರ ಇಲ್ಲ. ನಾನು ಕತ್ತರಿ ಹಾಕಿದ್ದೇ ತಪ್ಪಾಯಿತಾ?

ಗೋಪಾಳದ ಅಂಗಳ, ಜೂನ್ 14

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿವಮೊಗ್ಗದ ಗೋಪಾಳದಲ್ಲಿ. ಕಾಂಪೌಂಡಿನ ಮೂಲೆಯಲ್ಲಿ ಒಂದು ಹೈಡ್ರೇಂಜಿಯಾ ಇದೆ. ಆರು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ನನ್ನ ತವರಿನಿಂದ ಒಂದು ಕಡ್ಡಿ ತಂದು ಊರಿದ್ದು. ಅಲ್ಲಿ ಬಾವಿಕಟ್ಟೆ ಪಕ್ಕ ಅಮ್ಮ ಬೆಳೆಸಿದ ಗಿಡ ಅದು. ಮಳೆ ಹಿಡಿಯುವ ಹೊತ್ತಿಗೆ ಮಗುವಿನ ತಲೆಯಷ್ಟು ದೊಡ್ಡ ನೀಲಿ ಹೂವು ಬಿಡುತ್ತಿತ್ತು. ಅಮ್ಮ ಈಗ ಇಲ್ಲ. ಬಾವಿಕಟ್ಟೆ ರಿಪೇರಿ ಮಾಡಿಸಿದಾಗ ಆ ಗಿಡವೂ ಹೋಯಿತು. ಹಾಗಾಗಿ ಉಳಿದಿರುವುದು ನನ್ನ ಹತ್ತಿರದ ಇದೊಂದೇ.

ಕಳೆದ ವರ್ಷ 14 ಗೊಂಚಲು ಬಂದಿತ್ತು. ಗಿಡ ಕಿಟಕಿ ಮುಚ್ಚುವಷ್ಟು ಬೆಳೆದಿದ್ದರಿಂದ ಈ ಜನವರಿಯಲ್ಲಿ, ಸಂಕ್ರಾಂತಿ ಆದ ಮೇಲೆ, ಗುಲಾಬಿ ಸವರುವಾಗ ಇದನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಒಂದು ವಿಡಿಯೋದಲ್ಲಿ ಚಳಿಗಾಲದ ಕೊನೆಯಲ್ಲಿ ಹೈಡ್ರೇಂಜಿಯಾವನ್ನು ಗಿಡ್ಡಕ್ಕೆ ಕತ್ತರಿಸಿ, ಹೂವು ದೊಡ್ಡದು ಬರುತ್ತದೆ ಅಂತ ತೋರಿಸಿದ್ದರು. ಹಟ್ಟಿಗೊಬ್ಬರ ಹಾಕಿದೆ. ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ 19:19:19 ರಸಗೊಬ್ಬರ ಎರಡು ಸಲ ಕೊಟ್ಟೆ.

ಈಗ ಎಲೆ ನೋಡಿದರೆ ಅಂಗೈಗಿಂತ ಅಗಲ. ಹೂವು ಒಂದೂ ಇಲ್ಲ. ಮುಂಚೆ ಸರಿಯಾಗಿ ಬಿಡುತ್ತಿದ್ದ ಗಿಡ. ಏನು ಮಾಡಲಿ? ಈಗ ಮತ್ತೆ ಕತ್ತರಿಸಿದರೆ ಈ ಮಳೆಗಾಲದಲ್ಲೇ ಹೂವು ಬರಬಹುದಾ?

ಹೊಸನಗರ ಕೊಟ್ಟಿಗೆ, ಜೂನ್ 14

ಮೊದಲು ಕತ್ತರಿ ಕೆಳಗಿಡಿ. ಈಗ ಏನೂ ಕತ್ತರಿಸಬೇಡಿ. ತಿಳಿದವರು ಬಂದು ಹೇಳುವ ತನಕ ಕಾಯಿರಿ. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ?

ಗೋಪಾಳದ ಅಂಗಳ, ಜೂನ್ 14

ಬೆಳಿಗ್ಗೆ ಏಳರಿಂದ ಹತ್ತೂವರೆ ತನಕ. ಆಮೇಲೆ ಪಕ್ಕದ ಮನೆಯ ಮಾವಿನ ನೆರಳು.

ಸಾಗರದ ಹಳೇ ಹಿತ್ತಲು, ಜೂನ್ 14

ಬಿಸಿಲು ಸರಿಯಾಗಿಯೇ ಇದೆ. ಬೆಳಗಿನ ಎಳೆ ಬಿಸಿಲು, ಮಧ್ಯಾಹ್ನದ ನೆರಳು, ಇದಕ್ಕೆ ಬೇಕಾದ್ದೇ ಅದು. ನನಗೆ ಒಂದು ವಿಷಯ ಗೊತ್ತಾಗಬೇಕು. ಜನವರಿಯಲ್ಲಿ ಎಲ್ಲ ಕೊಂಬೆಗಳನ್ನೂ ಕತ್ತರಿಸಿದ್ದಿರಾ? ಕೈ ತಪ್ಪಿ ಒಂದೆರಡು ಉಳಿದಿವೆಯಾ? ಉಳಿದಿದ್ದರೆ ಅವು ಹೇಗಿವೆ ನೋಡಿ ಹೇಳಿ.

ಗೋಪಾಳದ ಅಂಗಳ, ಜೂನ್ 15

ನೀವು ಕೇಳಿದ ಮೇಲೆ ಹೋಗಿ ನೋಡಿದೆ. ನೀರಿನ ತೊಟ್ಟಿ ಹಿಂದೆ, ಗೋಡೆಗೆ ಒತ್ತಿಕೊಂಡು ಎರಡು ಕೊಂಬೆ ಇವೆ. ಅಲ್ಲಿಗೆ ಕತ್ತರಿ ಹೋಗುತ್ತಿರಲಿಲ್ಲ, ಹಾಗೇ ಬಿಟ್ಟಿದ್ದೆ. ಅವುಗಳ ತುದಿಯಲ್ಲಿ ಮೂರು ಹೂವು ಇವೆ! ಚಿಕ್ಕವು, ಆದರೂ ಪೂರ್ತಿ ಅರಳಿವೆ. ಈ ಕಡೆಯಿಂದ ಕಾಣುವುದೇ ಇಲ್ಲ.

ಸಾಗರದ ಹಳೇ ಹಿತ್ತಲು, ಜೂನ್ 15

ಹಾಗಾದರೆ ನಿಮ್ಮ ಗಿಡವೇ ಉತ್ತರ ಹೇಳಿಬಿಟ್ಟಿದೆ. ಮಣ್ಣೂ ಸರಿ, ನೀರೂ ಸರಿ, ಬಿಸಿಲೂ ಸರಿ. ಕತ್ತರಿಸಿದ ಕೊಂಬೆಯಲ್ಲಿ ಹೂವಿಲ್ಲ, ಕತ್ತರಿಸದ ಕೊಂಬೆಯಲ್ಲಿ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಹಿತ್ತಲಲ್ಲಿ ಈ ಗಿಡ 20 ವರ್ಷಕ್ಕಿಂತ ಮೇಲಿದೆ.

ಮಲೆನಾಡಿನ ಹಳೇ ಮನೆಗಳಲ್ಲಿ ಇರುವುದು ಹೆಚ್ಚಿನಂಶ ದೊಡ್ಡೆಲೆಯ ಹೈಡ್ರೇಂಜಿಯಾ. ಮ್ಯಾಕ್ರೋಫಿಲ್ಲಾ ಅನ್ನುತ್ತಾರೆ. ಇದು ಹಳೇ ಕೊಂಬೆಯಲ್ಲಿ ಹೂ ಬಿಡುವ ಗಿಡ. ಅಂದರೆ ಈ ಮಳೆಗಾಲದಲ್ಲಿ ಬೆಳೆದ ಕೊಂಬೆ, ಮಳೆ ಹಿಂದಾದ ಮೇಲೆ ತನ್ನ ತುದಿಯಲ್ಲಿ ಮೊಗ್ಗಿನ ಗುಪ್ಪೆ ಕಟ್ಟಿಕೊಳ್ಳುತ್ತದೆ. ಹಗಲು ಚಿಕ್ಕದಾಗಬೇಕು, ರಾತ್ರಿ ತಂಪಾಗಬೇಕು. ಸುಮಾರು 18 ಡಿಗ್ರಿಗಿಂತ ಕೆಳಗೆ ಇಳಿಯುವ ರಾತ್ರಿಗಳಲ್ಲಿ ಈ ಕೆಲಸ ಚೆನ್ನಾಗಿ ಆಗುತ್ತದೆ. ಆ ಗುಪ್ಪೆ ಚಳಿಗಾಲವಿಡೀ ಹಾಗೇ ಕೂತಿರುತ್ತದೆ. ಬೇಸಿಗೆಯಲ್ಲಿ ಒಡೆದು, ನಾಲ್ಕೈದು ಎಲೆ ಬಿಟ್ಟು, ಕೊನೆಗೆ ಹೂವಾಗುತ್ತದೆ.

ಈಗ ಜನವರಿಯನ್ನು ನೆನಪು ಮಾಡಿಕೊಳ್ಳಿ. ಹೊರಗಿನಿಂದ ನೋಡಿದರೆ ಗಿಡ ಸುಮ್ನೆ ನಿಂತಿದೆ ಅನ್ನಿಸುತ್ತದೆ. ಎಲೆ ಸೊರಗಿರುತ್ತದೆ, ಕಡ್ಡಿ ಬೋಳಾಗಿ ಕಾಣುತ್ತದೆ. ಆದರೆ ಆ ವರ್ಷದ ಹೂವೆಲ್ಲ ಅದೇ ಕಡ್ಡಿಗಳ ತುದಿಯಲ್ಲಿ ಇರುತ್ತದೆ. ನೀವು ಮೊಣಕಾಲೆತ್ತರಕ್ಕೆ ಕತ್ತರಿಸಿದಾಗ ಬುಟ್ಟಿಗೆ ಬಿದ್ದದ್ದು ಈ ಜೂನಿನ ಹೂವುಗಳೇ.

ಗುಲಾಬಿ ಹಾಗಲ್ಲ. ಕತ್ತರಿಸಿದ ಮೇಲೆ ಬರುವ ಹೊಸ ಚಿಗುರಿನಲ್ಲೇ ಅದು ಹೂ ಬಿಡುತ್ತದೆ. ಎರಡಕ್ಕೂ ಒಂದೇ ದಿನ ಕತ್ತರಿ ಹಾಕಿದರೆ ಒಂದಕ್ಕೆ ಒಳ್ಳೆಯದು, ಇನ್ನೊಂದಕ್ಕೆ ಕೆಟ್ಟದು.

ವಿಡಿಯೋದವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಹೈಡ್ರೇಂಜಿಯಾದಲ್ಲೇ ಬೇರೆ ಜಾತಿಗಳಿವೆ. ಪ್ಯಾನಿಕ್ಯುಲೇಟಾ ಅಂತ ಒಂದು, ಅದರ ಹೂಗೊಂಚಲು ಶಂಕುವಿನ ಆಕಾರ. ಆರ್ಬೊರೆಸೆನ್ಸ್ ಅಂತ ಇನ್ನೊಂದು, ಅನಾಬೆಲ್ ಅನ್ನುವ ಬಿಳಿ ಚೆಂಡಿನ ಹೂವು ಅದರದ್ದು. ಇವು ಹೊಸ ಚಿಗುರಲ್ಲಿ ಹೂ ಬಿಡುತ್ತವೆ. ಅವನ್ನು ಚಳಿಗಾಲದ ಕೊನೆಯಲ್ಲಿ ಧೈರ್ಯವಾಗಿ ಕತ್ತರಿಸಬಹುದು. ವಿಡಿಯೋದಲ್ಲಿ ಇದ್ದದ್ದು ಅಂಥ ಗಿಡವೇ ಇರಬೇಕು. ನಮ್ಮ ಕಡೆ ಹಿತ್ತಲುಗಳಲ್ಲಿ ಅವು ತೀರಾ ಅಪರೂಪ.

ಈಗ ನೀವು ಮಾಡಬೇಕಾದ್ದು. ಕತ್ತರಿಸಿದ ಬುಡದಿಂದ ಈ ವರ್ಷ ಎದ್ದ ದಪ್ಪ ದಪ್ಪ ಹಸಿರು ಕೊಂಬೆಗಳಿವೆಯಲ್ಲ, ಅವನ್ನು ಮುಟ್ಟಬೇಡಿ. ತುದಿ ಕೂಡ ಚಿವುಟಬೇಡಿ. ಈ ವರ್ಷ ಹೂ ಬಿಡದ ಆ ಕೊಂಬೆಗಳೇ ಬರುವ ವರ್ಷ ಹೂ ಬಿಡುವುದು. 19:19:19 ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ ಗಿಡ ಎಲೆಯನ್ನೇ ಹೆಚ್ಚಿಸುತ್ತಾ ಹೋಗುತ್ತದೆ. ಕಳಿತ ಗೊಬ್ಬರ ಒಂದು ಬುಟ್ಟಿ ಹಾಕಿ, ಮೇಲೆ ದರಗು, ಅಂದರೆ ಒಣಗಿದ ಎಲೆ, ಮುಚ್ಚಿ. ಇದರ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಅಡಿಕೆ ಸಿಪ್ಪೆ ಸಿಕ್ಕರೆ ಇನ್ನೂ ಒಳ್ಳೆಯದು.

ತೊಟ್ಟಿ ಹಿಂದಿನ ಹೂವು ಬಾಡಿ ಹಸಿರಿಗೆ ತಿರುಗಿದ ಮೇಲೆ ಬನ್ನಿ, ಅಲ್ಲಿ ಎಲ್ಲಿ ಕತ್ತರಿಸಬೇಕು ಅಂತ ಹೇಳುತ್ತೇನೆ.

ಗೋಪಾಳದ ಅಂಗಳ, ಜೂನ್ 15

ಓದಿ ಹೊಟ್ಟೆಯೊಳಗೆ ಸಂಕಟವಾಯಿತು. ಆ ಕಡ್ಡಿಗಳನ್ನೆಲ್ಲ ಕಾರ್ಪೊರೇಷನ್ ಗಾಡಿಗೆ ಹಾಕಿದ್ದೆ. ಆದರೆ ಗಿಡಕ್ಕೆ ರೋಗವಿಲ್ಲ ಅಂತ ಗೊತ್ತಾಗಿ ಸಮಾಧಾನ. ತುಂಬಾ ಥ್ಯಾಂಕ್ಸ್.

ಕೊಪ್ಪದ ಕಾಫಿ ತೋಟ, ಜೂನ್ 16

ನನ್ನ ಅನುಭವ ಬೇರೆ ಇದೆ, ಹೇಳಲೇಬೇಕು. ನಾವು ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಮನೆ ಮುಂದಿನ ಹೈಡ್ರೇಂಜಿಯಾವನ್ನು ಅರ್ಧಕ್ಕೆ ಕತ್ತರಿಸುತ್ತೇವೆ. ಎಂಟು ವರ್ಷದಿಂದ ಹೀಗೇ. ಪ್ರತಿ ವರ್ಷ ಹೂವು ಬಂದಿದೆ. ಹಾಗಾಗಿ ಹಳೇ ಕೊಂಬೆ ಕತ್ತರಿಸಿದರೆ ಹೂವೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಸಾಗರದ ಹಳೇ ಹಿತ್ತಲು, ಜೂನ್ 16

ನೀವು ಹೇಳುವುದೂ ನಿಜವೇ ಇರಬಹುದು. ಎರಡು ಪ್ರಶ್ನೆ. ಹೂವು ಯಾವ ತಿಂಗಳು ಬರುತ್ತದೆ? ಗಿಡ ಎಲ್ಲಿಂದ ತಂದದ್ದು?

ಕೊಪ್ಪದ ಕಾಫಿ ತೋಟ, ಜೂನ್ 16

ಜುಲೈ ಕೊನೆ, ಆಗಸ್ಟ್. ಗಿಡ ಬೆಂಗಳೂರಿನ ನರ್ಸರಿಯಿಂದ ತಂದದ್ದು. ಕುಂಡದಲ್ಲಿದ್ದ ಚೀಟಿ ಇನ್ನೂ ಇಟ್ಟಿದ್ದೇನೆ. ಎಂಡ್‌ಲೆಸ್ ಸಮ್ಮರ್ ಅಂತಿದೆ.

ಸಾಗರದ ಹಳೇ ಹಿತ್ತಲು, ಜೂನ್ 16

ಅದೇ ಕಾರಣ. ಎಂಡ್‌ಲೆಸ್ ಸಮ್ಮರ್ 2004ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ತಳಿ. ಅದೂ ದೊಡ್ಡೆಲೆಯ ಜಾತಿಯೇ, ಆದರೆ ಹಳೇ ಕೊಂಬೆಯಲ್ಲೂ ಬಿಡುತ್ತದೆ, ಹೊಸ ಚಿಗುರಿನಲ್ಲೂ ಬಿಡುತ್ತದೆ. ನೀವು ಫೆಬ್ರವರಿಯಲ್ಲಿ ಕತ್ತರಿಸುವಾಗ ಮೊದಲ ಸುತ್ತಿನ ಹೂವು ಹೋಗುತ್ತದೆ. ನಿಮಗೆ ಸಿಗುತ್ತಿರುವುದು ಎರಡನೇ ಸುತ್ತು. ಬರುವ ಫೆಬ್ರವರಿಯಲ್ಲಿ ಅರ್ಧ ಗಿಡವನ್ನು ಹಾಗೇ ಬಿಟ್ಟು ನೋಡಿ. ಮೇ ತಿಂಗಳಲ್ಲೇ ಹೂವು ಕಾಣಬಹುದು.

ಕೊಪ್ಪದ ಕಾಫಿ ತೋಟ, ಜೂನ್ 17

ಹೌದಾ! ಎಂಟು ವರ್ಷ ಅರ್ಧ ಹೂವಿನಲ್ಲೇ ಖುಷಿಪಟ್ಟಿದ್ದೇನೆ ಹಾಗಾದರೆ. ಖಂಡಿತ ಮಾಡಿ ನೋಡುತ್ತೇನೆ. ಇಲ್ಲಿ ಓದುತ್ತಿರುವವರಿಗೆ ಒಂದು ಮಾತು. ಹೊಸ ಗಿಡ ತಂದಾಗ ಚೀಟಿ ಬಿಸಾಡಬೇಡಿ.

ಆಗುಂಬೆ ಮಳೆ, ಜೂನ್ 18

ನಮ್ಮಲ್ಲಿ ಕಷ್ಟವೇ ಬೇರೆ. ಹೂವು ಬೇಕಾದಷ್ಟು ಬರುತ್ತದೆ, ನಿಲ್ಲುವುದಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಇದು. ಆರಿದ್ರಾ ಮಳೆ ಆರದೇ ಹೊಯ್ಯುವಾಗ ಒಂದೊಂದು ಗೊಂಚಲು ಒದ್ದೆ ಬಟ್ಟೆ ಮುದ್ದೆಯಷ್ಟು ತೂಕವಾಗುತ್ತದೆ. ಕೊಂಬೆ ಬಾಗಿ ಕೆಸರು ಮುಟ್ಟುತ್ತದೆ. ಎರಡು ದಿನಕ್ಕೆ ಕಂದು ಬಣ್ಣ, ಮೇಲೆ ಬೂದು ಬೂಷ್ಟು.

ಹಿಂದೆ ನಾನೂ ಇದಕ್ಕೆ ಮದ್ದು ಅಂತ ಗಿಡವನ್ನು ಗಿಡ್ಡಕ್ಕೆ ಕತ್ತರಿಸುತ್ತಿದ್ದೆ. ಗಿಡ್ಡ ಇದ್ದರೆ ಬಾಗುವುದಿಲ್ಲ ಅಂತ ಲೆಕ್ಕ. ಆದದ್ದು ಉಲ್ಟಾ. ಬುಡದಿಂದ ಉದ್ದುದ್ದ ಎಳೇ ಕೊಂಬೆ ಎದ್ದವು. ಅವಕ್ಕೆ ಗಟ್ಟಿತನವೇ ಇಲ್ಲ, ಇನ್ನೂ ಬೇಗ ಮಲಗಿದವು. ಈಗ ಹಳೇ ಕೊಂಬೆಗಳ ಚೌಕಟ್ಟನ್ನು ಉಳಿಸಿಕೊಳ್ಳುತ್ತೇನೆ. ಎರಡು ಮೂರು ವರ್ಷದ ಕೊಂಬೆ ಬೆತ್ತದ ಹಾಗೆ ಗಟ್ಟಿ. ಎಳೆಯವು ಅದಕ್ಕೆ ಒರಗಿಕೊಂಡು ನಿಲ್ಲುತ್ತವೆ. ಸುತ್ತ ನಾಲ್ಕು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ನೆಟ್ಟು ಬಾಳೆ ಪಟ್ಟೆ ಕಟ್ಟಿದರೆ ಮುಗಿಯಿತು. ರೋಹಿಣಿ ಮಳೆಗೆ ಮುಂಚೆಯೇ ಕಟ್ಟಬೇಕು. ಬಾಗಿದ ಮೇಲೆ ಎತ್ತಿ ಕಟ್ಟಿದರೆ ಬುಡದಲ್ಲಿ ಸೀಳುತ್ತದೆ.

ಮಧ್ಯದಲ್ಲಿ ಗಾಳಿ ಆಡುವ ಹಾಗೆ ಎರಡು ಕೊಂಬೆ ಬುಡದಿಂದಲೇ ತೆಗೆದುಬಿಡಿ. ಬೂಷ್ಟು ಅರ್ಧ ಕಮ್ಮಿಯಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಅಂತ ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣ ಉಳಿದಾಗ ಇದಕ್ಕೂ ಹೊಡೆದು ನೋಡಿದ್ದೇನೆ. ಎಲೆ ಚುಕ್ಕೆ ನಿಂತಿತು, ಆದರೆ ಹೂವಿನ ಮೇಲೆಲ್ಲ ಸುಣ್ಣದ ಕಲೆ ಕೂತಿತು. ಹೂವಿದ್ದಾಗ ಬೇಡ.

ಇನ್ನೊಂದು ಸಂಗತಿ ನನಗೆ ಯಾವಾಗಲೂ ಇಷ್ಟ. ಈ ಗಿಡದ ಮೂಲ ಜಪಾನ್. ಅಲ್ಲಿ ಇದನ್ನು ಅಜಿಸಾಯಿ ಅನ್ನುತ್ತಾರೆ. ಅಲ್ಲೂ ಜೂನ್, ಜುಲೈ ಮಳೆಗಾಲ. ಆ ಮಳೆಯಲ್ಲೇ ಅರಳುವ ಹೂವು ಇದು. ನಮ್ಮ ಮಳೆಗೆ ಒಗ್ಗಿಕೊಂಡದ್ದು ಸುಮ್ಮನೆ ಅಲ್ಲ.

ಗೋಪಾಳದ ಅಂಗಳ, ಜೂನ್ 19

ಇದನ್ನೆಲ್ಲ ಓದುತ್ತಾ ಇನ್ನೊಂದು ಪ್ರಶ್ನೆ ಬಂತು. ತೊಟ್ಟಿ ಹಿಂದಿನ ಮೂರೂ ಹೂವು ಗುಲಾಬಿ. ಕಳೆದ ವರ್ಷವೂ ಗುಲಾಬಿ ಮಿಶ್ರಿತ ನೇರಳೆ. ಅಮ್ಮನ ಗಿಡ ಮಾತ್ರ ಅಚ್ಚ ನೀಲಿ. ಅದೇ ಗಿಡದ ಕಡ್ಡಿ ಇದು. ತಳಿ ಹಾಳಾಯಿತಾ? ಯಾರೋ ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂಳಲು ಹೇಳಿದರು.

ಕೆಮ್ಮಣ್ಣು, ಜೂನ್ 19

ತಳಿ ಹಾಗೆಲ್ಲ ಹಾಳಾಗುವುದಿಲ್ಲ. ಬದಲಾದದ್ದು ಮಣ್ಣು. ಮೊಳೆ ಹೂಳಬೇಡಿ, ಕಬ್ಬಿಣಕ್ಕೂ ಈ ನೀಲಿಗೂ ಸಂಬಂಧವಿಲ್ಲ. ನೀಲಿ ಬರಿಸುವುದು ಅಲ್ಯುಮಿನಿಯಂ.

ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅಲ್ಯುಮಿನಿಯಂ ಧಾರಾಳವಾಗಿದೆ. ಮಲೆನಾಡಿನ ಜೋರು ಮಳೆ ಸುಣ್ಣದ ಅಂಶವನ್ನು ತೊಳೆದು ಮಣ್ಣನ್ನು ಹುಳಿ ಮಾಡಿದೆ. ಮಣ್ಣು ಹುಳಿಯಾಗಿದ್ದರೆ, ಅಂದರೆ ಹುಳಿಯ ಅಳತೆಯಾದ ಪಿಎಚ್ 5ರಿಂದ 5.5ರ ಹತ್ತಿರ ಇದ್ದರೆ (ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ), ಆ ಅಲ್ಯುಮಿನಿಯಂ ನೀರಿನಲ್ಲಿ ಕರಗಿ ಬೇರಿಗೆ ಸಿಗುತ್ತದೆ. ಹೂವಿನ ಬಣ್ಣದ ಜೊತೆ ಅದು ಸೇರಿದಾಗ ನೀಲಿ. ಪಿಎಚ್ 6.5ರ ಮೇಲೆ ಹೋದರೆ ಅಲ್ಯುಮಿನಿಯಂ ಮಣ್ಣಲ್ಲೇ ಉಳಿಯುತ್ತದೆ, ಹೂವು ಗುಲಾಬಿ. ನಡುವೆ ಇದ್ದರೆ ನೇರಳೆ. ಬಿಳಿ ತಳಿಗೆ ಮಾತ್ರ ಈ ಆಟ ಇಲ್ಲ, ಅದು ಬಿಳಿಯೇ.

ನಿಮ್ಮ ಗಿಡ ಸಿಮೆಂಟ್ ಕಾಂಪೌಂಡ್ ಮತ್ತು ತೊಟ್ಟಿಯ ಪಕ್ಕ ಇದೆ. ಗೋಡೆಯಿಂದ ಸುಣ್ಣ ಇಳಿಯುತ್ತಲೇ ಇರುತ್ತದೆ. ನೀರು ಯಾವುದು ಹಾಕುತ್ತೀರಿ? ಬೂದಿ ಏನಾದರೂ ಹಾಕುತ್ತೀರಾ?

ಗೋಪಾಳದ ಅಂಗಳ, ಜೂನ್ 19

ಬೋರ್ ನೀರು. ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುತ್ತದೆ. ಬೂದಿ ಹಾಕುತ್ತೇನೆ. ಮನೆಯಲ್ಲಿ ಹಂಡೆ ಒಲೆ ಇದೆ. ಗಿಡಕ್ಕೆ ಒಳ್ಳೆಯದು ಅಂತ ವಾರಕ್ಕೊಂದು ಸಲ ಬುಡಕ್ಕೆ ಉದುರಿಸುತ್ತೇನೆ.

ಕೆಮ್ಮಣ್ಣು, ಜೂನ್ 20

ಬೂದಿ ಹುಳಿಯನ್ನು ಕೊಲ್ಲುತ್ತದೆ. ತೆಂಗಿಗೆ, ಬಾಳೆಗೆ ಹಾಕಿ, ಇದಕ್ಕೆ ಬೇಡ. ಗಡುಸು ನೀರೂ ಅದೇ ಕೆಲಸ ಮಾಡುತ್ತದೆ. ಈಗ ಮಳೆಗಾಲ, ಸೂರಿನ ನೀರು ಹಿಡಿದಿಟ್ಟು ಅದನ್ನೇ ಹಾಕಿ. ಮೂಳೆ ಗೊಬ್ಬರ, ಡಿಎಪಿಯಂಥ ರಂಜಕದ ಗೊಬ್ಬರ ಕೂಡ ಬೇಡ. ರಂಜಕ ಜಾಸ್ತಿಯಾದರೆ ಅಲ್ಯುಮಿನಿಯಂ ಅದಕ್ಕೇ ಅಂಟಿಕೊಂಡು ಗಿಡಕ್ಕೆ ಸಿಗುವುದಿಲ್ಲ.

ಬೇಗ ನೀಲಿ ಬೇಕೆಂದರೆ ಅಲ್ಯುಮಿನಿಯಂ ಸಲ್ಫೇಟ್ ಇದೆ. 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕರಗಿಸಿ, ಮೊದಲು ಬುಡ ಚೆನ್ನಾಗಿ ಒದ್ದೆ ಮಾಡಿ, ಆಮೇಲೆ ಹಾಕಬೇಕು. ಎಲೆಗೆ ತಾಗಬಾರದು. ಜಾಸ್ತಿ ಹಾಕಿದರೆ ಬೇರು ಸುಡುತ್ತದೆ. ಎರಡು ವರ್ಷ ತುಂಬದ ಗಿಡಕ್ಕೆ ಬೇಡವೇ ಬೇಡ. ನಾನಾದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತೇನೆ. ನಿಮಗೆ ನವಿಲೆಯ ಕೃಷಿ ಕಾಲೇಜು ಹತ್ತಿರವೇ ಇದೆ, ಅಲ್ಲಿ ವಿಚಾರಿಸಿ.

ಬಣ್ಣ ಒಂದು ವರ್ಷದಲ್ಲಿ ಪೂರ್ತಿ ತಿರುಗುವುದಿಲ್ಲ. ಅರಳಿದ ಹೂವಿನ ಮೇಲೆ ಏನು ಹಾಕಿದರೂ ಪ್ರಯೋಜನವಿಲ್ಲ. ಮುಂದಿನ ಹೂವಿಗೆ ಈಗಿನಿಂದ ಮಣ್ಣು ತಯಾರಾಗಬೇಕು.

ತುಂಗೆ ದಡ, ಜೂನ್ 20

ನಾವು ಪಕಳೆ ಅನ್ನುವುದು ನಿಜವಾಗಿ ಪಕಳೆ ಅಲ್ಲ, ಬಣ್ಣ ಬಂದ ಪುಷ್ಪಪತ್ರ, ಅಂದರೆ ಮೊಗ್ಗಿನ ಹೊರಗಿನ ಹೊದಿಕೆಯ ಎಲೆ. ಅದಕ್ಕೇ ಇದು ಉದುರುವುದಿಲ್ಲ, ತಿಂಗಳುಗಟ್ಟಲೆ ಗಿಡದಲ್ಲೇ ಇದ್ದು ಹಸಿರಾಗುತ್ತದೆ. ಕೊಯ್ದು ತಂದ ಹೂವು ಬಾಡಿದರೆ ಗೊಂಚಲನ್ನೇ ತಲೆಕೆಳಗಾಗಿ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಮತ್ತೆ ಎದ್ದು ನಿಲ್ಲುತ್ತದೆ.

ಹೂಕುಂಡಕ್ಕೆ ಅಂತ ಮೊಳದುದ್ದ ಕಡ್ಡಿ ಸಮೇತ ಕೊಯ್ಯುವುದೂ ಕತ್ತರಿ ಹಾಕಿದ ಹಾಗೇ. ಗಿಡ್ಡ ತೊಟ್ಟು ಸಾಕು.

ಹೊಸನಗರ ಕೊಟ್ಟಿಗೆ, ಜೂನ್ 21

ಕತ್ತರಿಸಿದ್ದನ್ನು ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಯಾರೂ ಹೇಳಲಿಲ್ಲ. ದಯವಿಟ್ಟು ದನದ ಮುಂದೆ ಹಾಕಬೇಡಿ. ಈ ಗಿಡದ ಎಲೆ, ಮೊಗ್ಗಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ವಿಷದ ಅಂಶವಿದೆ. ನಮ್ಮ ಮನೆಯ ಕರು ಒಂದು ಸಲ ಬೇಲಿಯಾಚೆ ಎಸೆದಿದ್ದ ಸೊಪ್ಪು ತಿಂದು ಎರಡು ದಿನ ಮೇವು ಮುಟ್ಟಲಿಲ್ಲ, ಭೇದಿಯೂ ಆಯಿತು. ವೈದ್ಯರು ಬಂದು ನೋಡಿದರು, ಉಳಿಯಿತು. ಆ ಎರಡು ರಾತ್ರಿ ನಮ್ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಅಂದಿನಿಂದ ಕತ್ತರಿಸಿದ್ದೆಲ್ಲ ನೇರ ಗೊಬ್ಬರದ ಗುಂಡಿಗೆ, ಮೇಲೆ ಮಣ್ಣು. ನಾಯಿ ಮರಿ, ಚಿಕ್ಕ ಮಕ್ಕಳು ಇರುವ ಮನೆಯಲ್ಲೂ ಜಾಗ್ರತೆ.

ಗೋಪಾಳದ ಅಂಗಳ, ಆಗಸ್ಟ್ 18

ಮತ್ತೆ ಬಂದೆ. ಮಘೆ ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ತೊಟ್ಟಿ ಹಿಂದಿನ ಮೂರು ಹೂವು ಹಸಿರಾಗಿವೆ. ಮುಂದೆ ಹೊಸ ಕೊಂಬೆ 17 ಇವೆ, ಎಣಿಸಿದೆ. ಬೂದಿ ನಿಲ್ಲಿಸಿದ್ದೇನೆ. ಈಗ ಹೇಳಿ, ಎಲ್ಲಿ ಕತ್ತರಿಸಲಿ?

ಸಾಗರದ ಹಳೇ ಹಿತ್ತಲು, ಆಗಸ್ಟ್ 18

ಒಳ್ಳೇ ಸಮಯಕ್ಕೆ ಬಂದಿರಿ. ನಾನು ಆಶ್ಲೇಷ, ಮಘೆ ಮಳೆಯ ನಡುವಿನ ಒಣ ದಿನವನ್ನೇ ಕಾಯುವುದು. ಹುಬ್ಬೆ ಮಳೆ ದಾಟಬಾರದು. ಅಲ್ಲಿಂದ ಮುಂದೆ ಗಿಡ ಒಳಗೊಳಗೇ ಮೊಗ್ಗಿನ ಕೆಲಸ ಶುರು ಮಾಡುತ್ತದೆ.

ಬಾಡಿದ ಹೂವಿನ ತೊಟ್ಟು ಹಿಡಿದು ಕೆಳಕ್ಕೆ ಬನ್ನಿ. ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ. ಪ್ರತಿ ಜೋಡಿಯ ಕಂಕುಳಲ್ಲಿ ಒಂದೊಂದು ಮೊಗ್ಗು. ಮೊದಲ ಜೋಡಿ ಸಾಮಾನ್ಯವಾಗಿ ಸಣ್ಣದು. ಇನ್ನೂ ಕೆಳಗೆ ಹೋದರೆ ಉಬ್ಬಿದ, ದಪ್ಪನೆಯ ಜೋಡಿ ಸಿಗುತ್ತದೆ. ಅದರ ಅರ್ಧ ಬೆರಳು ಮೇಲೆ ಕತ್ತರಿಸಿ, ಅಷ್ಟೇ. ಗುಲಾಬಿಗೆ ಓರೆಯಾಗಿ ಕತ್ತರಿಸುತ್ತೇವೆ. ಇಲ್ಲಿ ಎರಡೂ ಕಡೆ ಮೊಗ್ಗು ಇರುವುದರಿಂದ ನೇರ ಕತ್ತರಿಸಿದರೇ ಸರಿ.

ಇನ್ನು ಬುಡ. ಬಗ್ಗಿ ಕೂತು ನೋಡಿ. ಬೂದು ಬಣ್ಣಕ್ಕೆ ತಿರುಗಿ, ತೊಗಟೆ ಸುಲಿಯುತ್ತಿರುವ, ತುದಿಯಲ್ಲಿ ಬರೀ ಸಣ್ಣ ಕಡ್ಡಿಗಳಾಗಿರುವ ಮುದಿ ಕೊಂಬೆ ಇದ್ದರೆ ಅದನ್ನು ನೆಲಮಟ್ಟಕ್ಕೆ ತೆಗೆಯಿರಿ. ನಾಲ್ಕಕ್ಕೆ ಒಂದು, ಹೆಚ್ಚೆಂದರೆ ಮೂರಕ್ಕೆ ಒಂದು. ಪ್ರತಿ ವರ್ಷ ಹೀಗೆ ಮಾಡಿದರೆ ಮೂರು ನಾಲ್ಕು ವರ್ಷದಲ್ಲಿ ಇಡೀ ಗಿಡ ಹೊಸದಾಗುತ್ತದೆ, ಒಂದು ವರ್ಷವೂ ಹೂವು ತಪ್ಪುವುದಿಲ್ಲ. ಕಿಟಕಿ ಮುಚ್ಚುತ್ತದೆ ಅಂದಿರಲ್ಲ, ಎತ್ತರ ಇಳಿಸಲು ಇದೇ ದಾರಿ. ಮೇಲಿನಿಂದ ಬೇಲಿ ಕತ್ತರಿಸಿದ ಹಾಗೆ ಸಮ ಮಾಡಬೇಡಿ.

ನಿಮ್ಮ 17ರಲ್ಲಿ ಪೆನ್ಸಿಲ್‌ಗಿಂತ ಸಣ್ಣವು, ಒಂದಕ್ಕೊಂದು ಉಜ್ಜುತ್ತಿರುವವು ಇದ್ದರೆ ಅವನ್ನು ಮಾತ್ರ ಬುಡದಿಂದ ತೆಗೆಯಿರಿ. ಉಳಿದವಕ್ಕೆ ಕತ್ತರಿ ಬೇಡ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಮಳೆಯಲ್ಲಿ ಕತ್ತರಿಸಿದ ಗಾಯ ಬೇಗ ಕೊಳೆಯುತ್ತದೆ, ಒಣ ದಿನವೇ ಆಗಬೇಕು.

ತುಂಗೆ ದಡ, ಆಗಸ್ಟ್ 18

ತೆಗೆದ ಕಡ್ಡಿಗಳನ್ನು ಈ ಸಲ ಗಾಡಿಗೆ ಹಾಕಬೇಡಿ! ಹೂ ಬಿಡದ ಕಡ್ಡಿಯಲ್ಲಿ ಎರಡು ಮೂರು ಗಿಣ್ಣು ಇರುವ ತುಂಡು ಮಾಡಿ. ಕೆಳಗಿನ ಎಲೆ ತೆಗೆದು, ಮೇಲಿನ ಜೋಡಿಯನ್ನು ಅರ್ಧಕ್ಕೆ ಕತ್ತರಿಸಿ. ಮರಳು, ಕೆಮ್ಮಣ್ಣು, ತೆಂಗಿನ ನಾರಿನ ಪುಡಿ ಸಮ ಬೆರೆಸಿ ಊರಿ. ಒಂದು ಗಿಣ್ಣು ಮಣ್ಣಿನೊಳಗೆ ಇರಬೇಕು. ನೆರಳಲ್ಲಿಡಿ. ಈ ಹವೆಯಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಒಂದೇ ಗಿಡ ಉಳಿದಿದೆ ಅಂದಿರಿ, ಅದಕ್ಕೇ ಹೇಳಿದ್ದು.

ಗೋಪಾಳದ ಅಂಗಳ, ಆಗಸ್ಟ್ 20

ಮಾಡಿದೆ. ಮೂರು ಹೂವು ತೆಗೆದೆ, ಮುದಿ ಕೊಂಬೆ ಎರಡು, ಸಣ್ಣ ಕಡ್ಡಿ ಐದು. 12 ಉಳಿದಿವೆ. ಹತ್ತು ತುಂಡು ಊರಿದ್ದೇನೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 7.1 ಬಂತು.

ಕೆಮ್ಮಣ್ಣು, ಆಗಸ್ಟ್ 20

7.1 ಆದರೆ ಗುಲಾಬಿ ಬಂದದ್ದು ಸಹಜ. ಗೋಡೆಯಿಂದ ಈಚೆ ಕಡೆ ಒಂದು ಅಡಿ ಮಣ್ಣು ತೆಗೆದು ಕಾಡಿನ ದರಗು ಕಳಿತ ಮಣ್ಣು ತುಂಬಿ. ಬೇರು ಕೀಳದ ಹಾಗೆ, ಕೈಯಲ್ಲೇ.

ಗೋಪಾಳದ ಅಂಗಳ, ಡಿಸೆಂಬರ್ 9

ಹನ್ನೆರಡರಲ್ಲಿ ಹತ್ತು ಕೊಂಬೆಯ ತುದಿಯಲ್ಲಿ ಗುಂಡಗೆ ಉಬ್ಬಿದ ಮೊಗ್ಗು ಇದೆ. ಬದಿಯ ಮೊಗ್ಗುಗಳು ಚೂಪು, ಇವು ದಪ್ಪ. ಇಷ್ಟು ವರ್ಷ ನೋಡಿಯೇ ಇರಲಿಲ್ಲ. ನಿನ್ನೆ ಗುಲಾಬಿ ಸವರಿದೆ. ಇದರ ಹತ್ತಿರ ಹೋಗಲಿಲ್ಲ.

ಸಾಗರದ ಹಳೇ ಹಿತ್ತಲು, ಡಿಸೆಂಬರ್ 9

ಇನ್ನು ನಿಮ್ಮ ಕೆಲಸ ನೀರು. ಶಿವಮೊಗ್ಗದಲ್ಲಿ ಏಪ್ರಿಲ್‌ನಲ್ಲಿ 35, 36 ಡಿಗ್ರಿ ಮುಟ್ಟುತ್ತದೆ. ನಮ್ಮ ಘಟ್ಟದ ಸೆರಗಿನ ತಂಪು ಅಲ್ಲಿಲ್ಲ. ಮೊಗ್ಗು ಒಡೆಯುವ ಹೊತ್ತಿಗೆ ಎರಡು ದಿನ ನೀರು ತಪ್ಪಿದರೂ ಕರಟುತ್ತದೆ. ಹೈಡ್ರೇಂಜಿಯಾ ಅನ್ನುವ ಗ್ರೀಕ್ ಮೂಲದ ಹೆಸರಿನ ಅರ್ಥವೇ ನೀರಿನ ಪಾತ್ರೆ. ಬೀಜದ ಕಾಯಿಯ ಆಕಾರ ನೋಡಿ ಇಟ್ಟ ಹೆಸರಂತೆ, ಆದರೆ ಬೇಸಿಗೆಯಲ್ಲಿ ಇದು ಕುಡಿಯುವುದನ್ನು ನೋಡಿದರೆ ನನಗೆ ಬೇರೆಯೇ ಅನ್ನಿಸುತ್ತದೆ. ದರಗು ದಪ್ಪಗೆ ಮುಚ್ಚಿ. ಮಧ್ಯಾಹ್ನ ಎಲೆ ಜೋತರೆ ಗಾಬರಿ ಬೇಡ. ಸಂಜೆಗೂ ಏಳದಿದ್ದರೆ ಮಾತ್ರ ನೀರಿಗೆ ಓಡಿ.

ಕೊಪ್ಪದ ಕಾಫಿ ತೋಟ, ಮೇ 11

ಅರ್ಧ ಗಿಡ ಬಿಟ್ಟಿದ್ದೆ. ಆ ಅರ್ಧದಲ್ಲಿ ಮೇ ಮೊದಲ ವಾರವೇ ಒಂಬತ್ತು ಹೂವು. ಕತ್ತರಿಸಿದ ಅರ್ಧದಲ್ಲಿ ಇನ್ನೂ ಎಲೆ ಮಾತ್ರ. ನೀವು ಹೇಳಿದ್ದು ಸರಿ. ಒಪ್ಪಿಕೊಂಡೆ.

ಗೋಪಾಳದ ಅಂಗಳ, ಜೂನ್ 6

ಹತ್ತು ಮೊಗ್ಗಿನಲ್ಲಿ ಎರಡು ಕರಟಿದವು. ಏಪ್ರಿಲ್‌ನಲ್ಲಿ ಮದುವೆಗೆ ಅಂತ ನಾಲ್ಕು ದಿನ ಊರಲ್ಲಿರಲಿಲ್ಲ. ಉಳಿದ ಎಂಟೂ ಅರಳಿವೆ. ಬದಿಯ ಮೊಗ್ಗಿನಿಂದ ಇನ್ನೂ ಮೂರು ಚಿಕ್ಕವು. ಒಟ್ಟು ಹನ್ನೊಂದು. 14 ಅಲ್ಲ, ಆದರೆ ಎರಡು ಹೂವು ನನ್ನ ಎರಡು ಕೈಯಲ್ಲಿ ಹಿಡಿಸುವುದಿಲ್ಲ, ಅಷ್ಟು ದೊಡ್ಡವು. ಗೋಡೆ ಕಡೆಯವು ಇನ್ನೂ ನೇರಳೆ. ಈಚೆ ಕಡೆ, ದರಗು ಮಣ್ಣು ತುಂಬಿದಲ್ಲಿ, ಒಂದು ಗೊಂಚಲು ನೀಲಿ. ಅದೇ ನೀಲಿ.

ಊರಿದ ಹತ್ತರಲ್ಲಿ ಆರು ಬದುಕಿವೆ. ನಾಲ್ಕನ್ನು ನೆಂಟರಿಗೆ ಕೊಟ್ಟೆ. ಒಂದನ್ನು ಇಲ್ಲೇ ಇಟ್ಟುಕೊಂಡಿದ್ದೇನೆ. ಇನ್ನೊಂದನ್ನು ಕಳೆದ ಭಾನುವಾರ ತವರಿಗೆ ತೆಗೆದುಕೊಂಡು ಹೋಗಿ ಬಾವಿಯ ಹತ್ತಿರ ನೆಟ್ಟು ಬಂದೆ. ಹೊಸ ಸಿಮೆಂಟ್ ಕಟ್ಟೆಯಿಂದ ನಾಲ್ಕು ಮಾರು ಈಚೆ, ಧರೆ (ಕಡಿದಾದ ಮಣ್ಣಿನ ದಿಬ್ಬ) ಬುಡದ ಕೆಂಪು ಮಣ್ಣಿನಲ್ಲಿ.

ಕೆಮ್ಮಣ್ಣು, ಜೂನ್ 6

ಧರೆ ಬುಡ ಒಳ್ಳೇ ಜಾಗ. ಅಲ್ಲಿ ನೀಲಿಗೆ ಏನೂ ಹಾಕಬೇಕಾಗಿಲ್ಲ.

ಸಾಗರದ ಹಳೇ ಹಿತ್ತಲು, ಜೂನ್ 6

ಆ ಸಣ್ಣ ಗಿಡಕ್ಕೆ ಎರಡು ವರ್ಷ ಬಾಡಿದ ಹೂವು ಬಿಟ್ಟು ಬೇರೇನೂ ಕತ್ತರಿಸಬೇಡಿ. ಅಲ್ಲಿರುವವರಿಗೂ ಹೇಳಿಬಿಡಿ.

ಗೋಪಾಳದ ಅಂಗಳ, ಜೂನ್ 7

ಹೇಳಿ ಬಂದಿದ್ದೇನೆ. ಸುತ್ತ ಅಡಿಕೆ ದಬ್ಬೆಯ ಬೇಲಿ ಕೂಡ ಹಾಕಿಸಿದೆ, ಅಲ್ಲಿ ಕರು ಇದೆ.